ಮೀಣ್ಯದ ಹಾದಿಯ ಋಣ

ಬದನಗುಪ್ಪೆಯಿಂದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು. ಅದರಾಚೆ ಹನೂರಿನ ಕಾಡುಸೀಮೆ, ಅಲ್ಲಿ ಮೀಣ್ಯ. 1992ರ ಆಗಸ್ಟ್ 14ರಂದು, ಸ್ವಾತಂತ್ರ್ಯೋತ್ಸವದ ಮುನ್ನಾದಿನ, ವೀರಪ್ಪನ್ ತಂಡದ ಹೊಂಚಿಗೆ ಮೈಸೂರು ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟ್ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹಾಗೂ ಅವರೊಡನಿದ್ದ ಪೇದೆಗಳು ಅಲ್ಲಿ ಬಲಿಯಾದರು. ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದರೆ ಈ ಸಾವುಗಳು ಈ ನೆಲದವೇ.

ಕಥೆ ಹೇಳುವವರು ಹಂತಕನ ಮೀಸೆಯನ್ನು ಮರೆಯುವುದಿಲ್ಲ; ಮಡಿದ ಪೇದೆಯ ಹೆಸರು ಮಾತ್ರ ಯಾರ ಬಾಯಿಗೂ ಬಾರದು. ಇದು ನ್ಯಾಯವೆ?

1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಿದ್ದ ಅಕ್ಟೋಬರ್ 21 ದೇಶಕ್ಕೆಲ್ಲ ಪೊಲೀಸ್ ಹುತಾತ್ಮರ ದಿನ. ಆ ದಿನ ಕವಾಯತು ಮೈದಾನದಲ್ಲಿ ವರ್ಷವಿಡೀ ಮಡಿದವರ ಹೆಸರುಗಳನ್ನು ಓದುವಾಗ ಅಧಿಕಾರಿಗೂ ಪೇದೆಗೂ ಒಂದೇ ಪಟ್ಟಿ. ಕಾಡಂಚಿನ ನಾವು ತೀರಿಸಬೇಕಾದ ಋಣವೂ ಇಷ್ಟೆ: ಆ ಹೆಸರುಗಳನ್ನು ಕೇಳಿ ತಿಳಿದು, ಮಕ್ಕಳಿಗೂ ಹೇಳುವುದು.