ಘಟ್ಟದ ಮಂಜಿನಲ್ಲಿ ಬಾಲಚಂದ್ರ

ಸಕಲೇಶಪುರದ ಸಮೀಪದ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದರು. ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದ ಆ ಗುಡ್ಡವು ಮಂಜು ಮುಸುಕಿಕೊಂಡಿದ್ದುದರಿಂದ ಕೋಟೆಗೆ ಈ ಹೆಸರು ಬಂತೆಂಬುದು ಜನರ ಹೇಳಿಕೆ. ಅದರ ಎಂಟು ಮೂಲೆಗಳ ನಕ್ಷತ್ರಾಕಾರಕ್ಕೂ ಆಕಾಶಕ್ಕೂ ಸಂಬಂಧವಿಲ್ಲ; ಅದು ಫಿರಂಗಿಗಳ ಕಾಲದ ಐರೋಪ್ಯ ಕೋಟೆಗಳ ವಿನ್ಯಾಸ. ಆದರೆ ಅದನ್ನು ಕಟ್ಟಿಸಿದವರಿಗೆ ಚಂದ್ರನ ಲೆಕ್ಕದೊಂದಿಗೆ ನಿಕಟ ಸಂಬಂಧವಿತ್ತು.

ಸುಲ್ತಾನರು ಆಡಳಿತಕ್ಕೆ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೊಳಿಸಿದ್ದರು. ಅದರ ಮೊದಲ ತಿಂಗಳ ಹೆಸರು ಅಹ್ಮದೀ. ತಿಂಗಳುಗಳು ಚಾಂದ್ರಮಾನದವು, ಆದರೆ ನಮ್ಮ ನಾಡಿನ ಪಂಚಾಂಗದಂತೆ ಅಧಿಕಮಾಸ ಸೇರಿಸಿ ಋತುಗಳೊಂದಿಗೆ ಹೊಂದಿಸಲಾಗಿತ್ತು. ಅರುವತ್ತು ಸಂವತ್ಸರಗಳ ಚಕ್ರವನ್ನೂ ಉಳಿಸಿಕೊಳ್ಳಲಾಗಿತ್ತು. ಸುಲ್ತಾನರ ಪತ್ರಗಳನ್ನು 1811ರಲ್ಲಿ ಪ್ರಕಟಿಸಿದ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವರು ದಿನಾಂಕಗಳು ಅರ್ಥವಾಗಲೆಂದು ಈ ಗಣನೆಯನ್ನೇ ವಿವರಿಸಬೇಕಾಯಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಅಜ್ಞಾನಕಾಲದ ಅರಬರು ತಿಂಗಳುಗಳನ್ನು ಹಿಂದುಮುಂದು ಮಾಡುತ್ತಿದ್ದುದನ್ನು ಸೂರಃ ಅತ್ತೌಬಃ ಖಂಡಿಸುತ್ತದೆ. ಹಾಗಾದರೆ ಅಧಿಕಮಾಸದ ಈ ಲೆಕ್ಕ? ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ರೈತನು ಕಂದಾಯ ಕೊಡುವುದು ಫಸಲು ಕೈಗೆ ಬಂದಾಗ. ಅಪ್ಪಟ ಚಾಂದ್ರವರ್ಷವೋ 354 ದಿನಗಳದ್ದು, ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಅಕ್ಬರರ ಕಾಲದ ಫಸ್ಲಿ ಶಕೆಯೂ ಇದೇ ಅಗತ್ಯದಿಂದ ಹುಟ್ಟಿತು. ಖಜಾನೆಯ ಲೆಕ್ಕ ಬೇರೆ, ಇಬಾದತ್ತಿನ ಲೆಕ್ಕ ಬೇರೆ. ಬಾಲಚಂದ್ರರು ಜನರಿಗೂ ಹಜ್ಜಿಗೂ ಕಾಲಸೂಚಕಗಳೆಂದು ಅಲ್ಲಾಹನು ಸೂರಃ ಅಲ್ ಬಕರಃದಲ್ಲಿ ತಿಳಿಸಿದ್ದಾನೆ.

ಆದರೆ ಯಾವ ಊರಿನ ಚಂದ್ರ? ಈ ವಿವಾದ ಸಹಾಬಿಗಳ ಕಾಲದಷ್ಟು ಹಳೆಯದು. ಸಹೀಹ್ ಮುಸ್ಲಿಮ್‌ನಲ್ಲಿ ಕುರೈಬ್ ಎಂಬವರ ವೃತ್ತಾಂತವಿದೆ. ಅವರು ಶಾಮ್‌ನಲ್ಲಿದ್ದಾಗ ಶುಕ್ರವಾರದ ರಾತ್ರಿ ರಮಝಾನಿನ ಚಂದ್ರನನ್ನು ಕಂಡರು. ಹಝ್ರತ್ ಮುಆವಿಯಾ(ರ) ಮತ್ತು ಅಲ್ಲಿನ ಜನರು ಉಪವಾಸ ಹಿಡಿದರು. ತಿಂಗಳ ಕೊನೆಯಲ್ಲಿ ಮದೀನಾಕ್ಕೆ ಬಂದಾಗ ಹಝ್ರತ್ ಇಬ್ನು ಅಬ್ಬಾಸ್(ರ) ಅವರು, ಇಲ್ಲಿ ಚಂದ್ರ ಕಂಡದ್ದು ಶನಿವಾರದ ರಾತ್ರಿ, ಮೂವತ್ತು ಪೂರ್ತಿಯಾಗುವವರೆಗೆ ಅಥವಾ ಚಂದ್ರ ಕಾಣುವವರೆಗೆ ನಾವು ಉಪವಾಸವಿರುತ್ತೇವೆ ಎಂದರು. ಶಾಮ್‌ನ ದರ್ಶನ ಸಾಲದೇ ಎಂದು ಕೇಳಿದಾಗ ಸಾಲದು, ಪ್ರವಾದಿ(ಸ)ರು ಹೀಗೆಯೇ ಆದೇಶಿಸಿದ್ದಾರೆ ಎಂದು ಉತ್ತರಿಸಿದರು. ಶಾಫಿಈ ವಿದ್ವಾಂಸರು ಉದಯಸ್ಥಾನಗಳ ವ್ಯತ್ಯಾಸಕ್ಕೆ ಇದನ್ನೇ ಆಧಾರವಾಗಿಸಿಕೊಂಡರು. ಹನಫೀ ಮದ್‌ಹಬಿನ ಪ್ರಬಲ ಅಭಿಪ್ರಾಯವು ಒಂದೆಡೆ ಸಾಬೀತಾದ ದರ್ಶನ ಇತರೆಡೆಗೂ ಸಾಕೆನ್ನುತ್ತದೆ.

ಈ ಎರಡು ಮದ್‌ಹಬ್‌ಗಳೂ ಸಂಧಿಸುವ ಸ್ಥಳವೇ ನಮ್ಮ ಘಟ್ಟ. ಶಿರಾಡಿಯ ಕೆಳಗೆ ಕರಾವಳಿಯ ಶಾಫಿಈ ಬ್ಯಾರಿಗಳು, ಮೇಲೆ ಹಾಸನದ ಕಡೆ ಉರ್ದು ಮಾತನಾಡುವ ಹನಫಿಗಳು. ಕೆಳಗೆ ಈದ್, ಮೇಲೆ ಇನ್ನೂ ಉಪವಾಸ ಎಂಬ ವರ್ಷಗಳು ಬಂದಿವೆ. ಮಗಳನ್ನು ಮಂಗಳೂರಿಗೆ ಕೊಟ್ಟು ಸೊಸೆಯನ್ನು ಆಲೂರಿನಿಂದ ತಂದ ಮನೆಗೆ ಇದು ಪುಸ್ತಕದ ಮಸ್‌ಅಲವಲ್ಲ. ತಾಯಿ ಸೆಹ್ರಿಗೆ ಏಳುವಾಗ ಮಗಳು ತಕ್‌ಬೀರ್ ಹೇಳುತ್ತಿರುತ್ತಾಳೆ.

ಖಗೋಳದ ಪ್ರಕಾರ ಮಂಗಳೂರಿಗೂ ಬೆಂಗಳೂರಿಗೂ ಇರುವ ಅಂತರ ಸುಮಾರು 11 ನಿಮಿಷ ಮಾತ್ರ. ನಿಜವಾದ ಅಡ್ಡಿ ಮೋಡ ಮತ್ತು ಬೆಟ್ಟ. ಆಕಾಶವು ಒಂದು ಡಿಗ್ರಿ ಸರಿಯಲು 4 ನಿಮಿಷ ಬೇಕು. ಪಶ್ಚಿಮದ ಗುಡ್ಡವು ದಿಗಂತದಿಂದ ಎರಡು ಡಿಗ್ರಿ ಎತ್ತರವಿದ್ದರೆ, ಅದರ ಪೂರ್ವಕ್ಕಿರುವ ಊರಿನವನಿಗೆ ಎಳೆಯ ಚಂದ್ರನು ಸುಮಾರು 8 ನಿಮಿಷ ಮೊದಲೇ ಮರೆಯಾಗುತ್ತಾನೆ. ತೆಳುವಾದ ಚಂದ್ರನಿಗೆ ಅಷ್ಟು ಹೊತ್ತು ಸಣ್ಣದಲ್ಲ. ಸಂಜೆಯ ಪಡುವಣದಲ್ಲಿ ಝುಹ್ರಾ, ಅಂದರೆ ಶುಕ್ರನಿದ್ದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಚಂದ್ರನೂ ಗ್ರಹಗಳೂ ಹೆಚ್ಚುಕಡಮೆ ಒಂದೇ ಹಾದಿಯಲ್ಲಿ ನಡೆಯುವುದರಿಂದ ಎಲ್ಲಿ ಹುಡುಕಬೇಕೆಂಬ ಸುಳಿವು ಅದರಿಂದ ಸಿಗುತ್ತದೆ.

2012ರಿಂದ 2016ರವರೆಗೆ ರಮಝಾನ್ ಬಂದದ್ದು ಮಳೆಗಾಲದಲ್ಲಿ; ಆಗ ಮಲೆನಾಡಿನ ಕವಿದ ಆಕಾಶವನ್ನು ನೋಡಿ ಬೇರೆಡೆಯ ಸಾಕ್ಷ್ಯವನ್ನೇ ಕಾಯಬೇಕಿತ್ತು. ಈಗ ಅದು ಚಳಿಗಾಲದತ್ತ ಸರಿಯುತ್ತಿದೆ, 2030ರಲ್ಲಿ ಒಂದೇ ವರ್ಷ ಎರಡು ಬಾರಿ ಬರಲಿದೆ. ಸುಮಾರು 33 ವರ್ಷಗಳ ಸುತ್ತು ಮುಗಿಸಿ ಅದು ಮತ್ತೆ ಆಷಾಢದ ಮೋಡಗಳೊಳಗೆ ಸೇರುವುದು 2040ರ ದಶಕದಲ್ಲಿ.