ವಿದ್ವತ್ಪತ್ರಿಕೆಗಳ ಬಾಗಿಲು

ನಾನು ನಿವೃತ್ತನಾದ ಮೂರನೆಯ ವರ್ಷ ನಡೆದ ಸಂಗತಿ ಇದು. ಹಳೆಯ ಶಿಷ್ಯೆಯೊಬ್ಬಳು, ಈಗ ಸಣ್ಣ ಊರಿನ ಖಾಸಗಿ ಕಾಲೇಜೊಂದರಲ್ಲಿ ಅಧ್ಯಾಪಕಿ, ವೀರಗಲ್ಲುಗಳನ್ನು ಕುರಿತು ನಾನು ಬಹು ಹಿಂದೆ ಇಂಗ್ಲಿಷಿನಲ್ಲಿ ಬರೆದಿದ್ದ ಲೇಖನವೊಂದನ್ನು ಕೇಳಿದಳು. ಅಚ್ಚಾದ ಪ್ರತಿ ನನ್ನಲ್ಲಿ ಉಳಿದಿರಲಿಲ್ಲ. ಮಗಳು ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದಳು. ನನ್ನ ಹೆಸರಿತ್ತು, ಲೇಖನದ ಶಿರೋನಾಮೆ ಇತ್ತು, ಅದರ ಕೆಳಗೆ ಬೆಲೆಯೂ ಇತ್ತು: ಮೂವತ್ತು ಡಾಲರಿಗೂ ಮೇಲೆ! ಅದನ್ನು ಬರೆದುದಕ್ಕೆ ನನಗೆ ಬಿಡಿಗಾಸೂ ಬಂದಿರಲಿಲ್ಲ. ಪರಿಶೀಲಿಸಿದ ವಿದ್ವಾಂಸರಿಗೂ ಬಂದಿರಲಾರದು. ದೂರೋಣವೆಂದರೆ ನನಗೆ ಬಾಯಿಲ್ಲ. ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದಕ್ಕೆ ಓದದೆಯೇ ರುಜು ಹಾಕಿದವನು ನಾನು.

ಈ ಏರ್ಪಾಡಿನ ಮೂಲ ಇಂಥದಾಗಿರಲಿಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದ. ವಿದ್ವಾಂಸರು ಬರೆದ ಕಾಗದಗಳೇ ಅದರ ಬಂಡವಾಳ. ಅದರಿಂದ ತನ್ನ ಸಂಸಾರಕ್ಕೆ ಆಧಾರವಾದೀತೆಂದು ಆತ ಎಣಿಸಿದ್ದ, ಬಂದುದು ಅತ್ಯಲ್ಪ. (ಪರದೇಶಗಳಿಗೆ ಬರೆದ ಕಾಗದಗಳಿಂದಾಗಿ ಸಂಶಯಕ್ಕೆ ಗುರಿಯಾಗಿ 1667ರಲ್ಲಿ ಲಂಡನ್ ಟವರಿನ ಸೆರೆಯನ್ನೂ ಕಂಡ.) ಮುಂದೆ ಬಹುಕಾಲ ಇಂಥ ಪತ್ರಿಕೆಗಳಲ್ಲಿ ಅನೇಕವನ್ನು ವಿದ್ವತ್ಸಭೆಗಳೇ ನಡೆಸಿದುವು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ನಮ್ಮ 'ಪ್ರಬುದ್ಧ ಕರ್ಣಾಟಕ' ಹೊರಟುದೂ ಈ ದಾರಿಯಲ್ಲಿಯೇ. ಎ. ಆರ್. ಕೃಷ್ಣಶಾಸ್ತ್ರಿಗಳು ಅದನ್ನು ಕಟ್ಟಿದ್ದು ಹಣ ಗಳಿಸುವುದಕ್ಕಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಸರ್ಕಾರಗಳು ವಿಜ್ಞಾನಕ್ಕೆ ಹೇರಳವಾಗಿ ಹಣ ಕೊಡತೊಡಗಿದಾಗ ವ್ಯಾಪಾರಿಗಳ ಕಣ್ಣು ಇತ್ತ ಹೊರಳಿತು. ರಾಬರ್ಟ್ ಮ್ಯಾಕ್ಸ್‌ವೆಲ್ 1951ರಲ್ಲಿ ಪರ್ಗಮನ್ ಪ್ರೆಸ್ಸನ್ನು ಕೈಗೆತ್ತಿಕೊಂಡು ಶಾಖೆಗೊಂದು, ಉಪಶಾಖೆಗೊಂದು ಪತ್ರಿಕೆಯನ್ನು ಹೊರಡಿಸುತ್ತ ಹೋದ. ಈ ವ್ಯಾಪಾರದ ಗುಟ್ಟು ಸರಳವಾದುದು. ಅಕ್ಕಿ ತುಟ್ಟಿಯಾದರೆ ರಾಗಿ ಉಣ್ಣಬಹುದು. ಒಂದು ವಿದ್ವತ್ಪತ್ರಿಕೆ ತುಟ್ಟಿಯಾಯಿತೆಂದು ಇನ್ನೊಂದನ್ನು ಓದಿ ತೃಪ್ತಿಪಡುವಂತಿಲ್ಲ. ಚಂದಾ ಏರುತ್ತ ಹೋಯಿತು; ಗ್ರಂಥಾಲಯಗಳು ಪುಸ್ತಕದ ಹಣವನ್ನು ಕಡಿದು ಪತ್ರಿಕೆಗಳಿಗೆ ತೆತ್ತುವು, ಆಮೇಲೆ ಪತ್ರಿಕೆಗಳನ್ನೇ ಒಂದೊಂದಾಗಿ ನಿಲ್ಲಿಸಿದುವು. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆಯನ್ನು ಸಾರ್ವಜನಿಕರ ಹಣದಿಂದಲೇ ಮತ್ತೆ ಕೊಳ್ಳುವುದು ರೂಢಿಯಾಯಿತು.

1991ರಲ್ಲಿ ಪರ್ಗಮನ್ ಸಂಸ್ಥೆ ಎಲ್ಸೆವಿಯರ್‌ಗೆ ಮಾರಾಟವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಸದ್ದಿಲ್ಲದೆ ಬೇರೊಂದು ಕೆಲಸ ಮಾಡಿದ. ಭೌತವಿಜ್ಞಾನಿಗಳು ಲೇಖನ ಅಚ್ಚಾಗುವ ಮೊದಲೇ ಅದರ ಪ್ರತಿಗಳನ್ನು ಅಂಚೆಯಲ್ಲಿ ಗೆಳೆಯರಿಗೆ ಕಳುಹಿಸುತ್ತಿದ್ದರು. ಆದರೆ ಅಂಚೆಯ ಪಟ್ಟಿಯಲ್ಲಿ ದೊಡ್ಡ ಸಂಸ್ಥೆಗಳ ಹೆಸರಿರುತ್ತಿತ್ತೇ ಹೊರತು ದೂರದ ಸಣ್ಣ ಕಾಲೇಜಿನವನ ಹೆಸರಿರುತ್ತಿರಲಿಲ್ಲ. ಗಿನ್ಸ್‌ಪಾರ್ಗ್ ಆ ಪ್ರತಿಗಳನ್ನು ಒಂದು ಕಂಪ್ಯೂಟರಿನಲ್ಲಿ ಇರಿಸಿ ಯಾರು ಬೇಕಾದರೂ ತರಿಸಿಕೊಳ್ಳುವಂತೆ ಮಾಡಿದ. ಮುಂದೆ 'ಆರ್ಕೈವ್' ಎಂದು ಹೆಸರಾದ ಭಂಡಾರ ಅದೇ.

2001ರ ಡಿಸೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ಕೆಲವರು ಕಲೆತು, 2002ರ ಫೆಬ್ರವರಿ 14ರಂದು ಮುಕ್ತ ಪ್ರವೇಶದ ಘೋಷಣೆಯನ್ನು ಹೊರಡಿಸಿದರು. ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದ ಹೇಳತೊಡಗುತ್ತಾರೆ. ಆದರೆ 1934ರಲ್ಲಿ ಸಿ. ವಿ. ರಾಮನ್ನರು ಸ್ಥಾಪಿಸಿದ ಬೆಂಗಳೂರಿನ ವಿಜ್ಞಾನ ಅಕಾಡೆಮಿ ಆ ಘೋಷಣೆಗೆ ಮೊದಲೇ, 1998ರ ಸುಮಾರಿಗೆ, 'ಪ್ರಮಾಣ' ಎಂಬ ಭೌತವಿಜ್ಞಾನದ ಪತ್ರಿಕೆಯನ್ನು ಬೆಲೆಯಿಲ್ಲದೆ ಅಂತರ್ಜಾಲದಲ್ಲಿ ತೆರೆದಿಟ್ಟಿತ್ತು. ನಮ್ಮವರ ಹೆಸರನ್ನು ನಾವೇ ಮರೆಯುವುದು ಹೊಸತೇನಲ್ಲ.

2018ರಲ್ಲಿ ಯೂರೋಪಿನ ಕೆಲವು ಧನಸಹಾಯ ಸಂಸ್ಥೆಗಳು, ತಮ್ಮ ಹಣದಿಂದ ನಡೆದ ಸಂಶೋಧನೆ ಎಲ್ಲರಿಗೂ ತೆರೆದಿರಬೇಕೆಂದು 'ಪ್ಲಾನ್ ಎಸ್' ಎಂಬ ಕಟ್ಟಳೆ ಮಾಡಿದುವು. ಪ್ರಕಾಶಕರೇನು ಸುಮ್ಮನಿದ್ದಾರೆಯೆ? ಓದುಗನಿಂದ ಕೇಳುತ್ತಿದ್ದ ಸುಂಕವನ್ನು ಬರೆಯುವವನಿಂದ ಕೇಳಿದರು. ಪರಿಶೀಲನೆಗೆ, ಜೋಪಾನಕ್ಕೆ ಖರ್ಚಿದೆಯೆಂಬುದು ಸುಳ್ಳಲ್ಲ. ಆದರೆ 2021ರಲ್ಲಿ 'ನೇಚರ್' ಪತ್ರಿಕೆ ಒಂದು ಲೇಖನವನ್ನು ಮುಕ್ತವಾಗಿಡಲು ಗೊತ್ತುಮಾಡಿದ ಶುಲ್ಕ 9,500 ಯೂರೋ, ಎಂದರೆ ಎಂಟು ಲಕ್ಷ ರೂಪಾಯಿಗೂ ಮಿಗಿಲು. ಅಂದು ಓದಲಾರದೆ ಹೊರಗೆ ನಿಂತಿದ್ದವನು ಈಗ ಬರೆಯಲಾರದೆ ಹೊರಗೆ ನಿಂತಿದ್ದಾನೆ.

ಭಾರತ ಸರ್ಕಾರ ಹಿಡಿದುದು ಬೇರೆ ದಾರಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ 'ಒಂದು ದೇಶ, ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಕೊಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುವುದೆಂದಾಯಿತು. ಉಪಕಾರವೇ ಸರಿ. ಆದರೆ ಇದು ಬಾಗಿಲನ್ನು ತೆಗೆದುದಲ್ಲ, ಬಹಳ ಜನಕ್ಕೆ ಒಟ್ಟಿಗೆ ಚೀಟಿ ಕೊಳ್ಳುವುದು. ನಿವೃತ್ತನಾದ ನನಗೆ ಆ ಚೀಟಿಯಿಲ್ಲ. ಖಾಸಗಿ ಕಾಲೇಜಿನ ಆ ಹುಡುಗಿಗೂ ಇರಲಿಲ್ಲ.

ಕಡೆಗೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಲೇಖನದ ಬೆರಳಚ್ಚು ಪ್ರತಿ ಸಿಕ್ಕಿತು. ಜೆರಾಕ್ಸ್ ಮಾಡಿಸಿ ಅಂಚೆಯಲ್ಲಿ ಕಳುಹಿಸಿದೆ. ಹತ್ತು ದಿನಗಳಲ್ಲಿ ಉತ್ತರ ಬಂತು. "ಸರ್, ನಾಲ್ಕನೆಯ ಪುಟದ ಶಾಸನಪಾಠದಲ್ಲಿ ಒಂದು ಅಕ್ಷರ ತಪ್ಪಾಗಿದೆ ಅನ್ನಿಸುತ್ತದೆ, ನಾನು ಕಲ್ಲನ್ನೇ ಹೋಗಿ ನೋಡಿ ಬಂದೆ" ಎಂದು ಸಂಕೋಚದಿಂದ ಬರೆದಿದ್ದಳು. ಅವಳು ಹೇಳಿದ್ದೇ ಸರಿ. ಇಷ್ಟು ವರ್ಷ ಅದನ್ನು ಯಾರೂ ನನಗೆ ತಿಳಿಸಿರಲಿಲ್ಲ.