ಹಾಫ್ ಎಂಜಿನ್

ಗಂಗಾವತಿಯ ಗ್ಯಾರೇಜುಗಳಲ್ಲಿ ‘ಹಾಫ್ ಎಂಜಿನ್’ ಅನ್ನುವುದು ದಿನಬಳಕೆಯ ಮಾತು. ಹೆಡ್ಡು, ಪಂಪು, ಟರ್ಬೊ ಎಲ್ಲವನ್ನೂ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ನೆಲದ ಮೇಲೆ ಉಳಿಯುತ್ತದಲ್ಲ, ಅದು. ಬ್ಲಾಕು, ಅದರೊಳಗಿನ ಕ್ರ್ಯಾಂಕು, ಕನೆಕ್ಟಿಂಗ್ ರಾಡುಗಳು, ಪಿಸ್ಟನ್ನುಗಳು, ಇವೆಲ್ಲದರ ಅಡಿಗೆ ಆಯಿಲ್ ನಿಲ್ಲುವ ಚೇಂಬರು. ಗಾಡಿ ಕೊಳ್ಳಲು ಹೋದವರು ಯಾರೂ ಇದನ್ನು ನೋಡುವುದಿಲ್ಲ. ನಾನೂ ನೋಡಿರಲಿಲ್ಲ, ನಮ್ಮ ದೊಡ್ಡಪ್ಪನ ಮಗನ ಟ್ರ್ಯಾಕ್ಟರಿನ ಬ್ಲಾಕು ಒಡೆದು, ಅದರ ಪಕ್ಕೆಯಿಂದ ರಾಡು ಹೊರಗೆ ಬಂದು ನಿಂತ ದಿನದವರೆಗೆ.

ಅಣ್ಣ ಮಾಡಿದ್ದು ಇಷ್ಟೇ. ಟರ್ಬೊ ಇಲ್ಲದ ಹಳೆಯ ಟ್ರ್ಯಾಕ್ಟರಿಗೆ ಗುಜರಿಯಿಂದ ಒಂದು ಟರ್ಬೊ ತಂದು ಕೂಡಿಸಿದ, ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬರುವಂತೆ ಮಾಡಿದ. ಶೋಕಿಗೆ ಮಾಡಿದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬದುಕುವವರಿಗೆ ಕಾಲ ಅನ್ನುವುದನ್ನು ಕಾಲುವೆ ಹೇಳುತ್ತದೆ. 1953ರಲ್ಲಿ ಅಣೆಕಟ್ಟಿನ ನೀರು ಹರಿಯಲು ಶುರುವಾದ ಮೇಲೆ ಗಂಗಾವತಿ ಭತ್ತದ ಸೀಮೆಯಾಯಿತು. ನೀರು ಬಿಟ್ಟ ಕೂಡಲೇ ಎಲ್ಲರ ಗದ್ದೆಯೂ ಒಟ್ಟಿಗೇ ಕೆಸರಾಗಬೇಕು, ಎಲ್ಲರ ನಾಟಿಯೂ ಒಟ್ಟಿಗೇ ಆಗಬೇಕು. ಆ ಕೆಲವು ವಾರಗಳಲ್ಲಿ ಯಾರ ಟ್ರ್ಯಾಕ್ಟರು ದಿನಕ್ಕೆ ಒಂದೆಕರೆ ಹೆಚ್ಚು ರೊಳ್ಳು ಹೊಡೆಯುತ್ತದೋ ಅವನಿಗೆ ಬಾಡಿಗೆ. ಮೊದಲ ಹಂಗಾಮಿನಲ್ಲಿ ಅಣ್ಣನ ಲೆಕ್ಕ ಸರಿಯಾಗಿಯೇ ಬಂತು. ಎರಡನೆಯದರಲ್ಲಿ ಭತ್ತ ತುಂಬಿದ ಟ್ರೇಲರು ಎಳೆದುಕೊಂಡು ಕಾಲುವೆ ಏರಿ ಹತ್ತುವಾಗ ಎಂಜಿನ್ನಿನ ಅಡಿಯಲ್ಲಿ ಟಕ್ ಟಕ್ ಶುರುವಾಯಿತು. ಏರಿಯ ತುದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟ್ರ್ಯಾಕ್ಟರಿನ ಸಾಲದ ಕಂತುಗಳು ಮಾತ್ರ ಮುಗಿದಿರಲಿಲ್ಲ.

ಮೇಸ್ತ್ರಿ ಒಡೆದ ಬ್ಲಾಕಿನೊಳಗೆ ಕೈಹಾಕಿ, ತೆಳ್ಳಗಾಗಿ ಸುರುಳಿ ಸುತ್ತಿಕೊಂಡ ಬೇರಿಂಗಿನ ತುಂಡೊಂದನ್ನು ತೆಗೆದು ಅಣ್ಣನ ಅಂಗೈಮೇಲಿಟ್ಟರು. “ಮ್ಯಾಲ ಗಾಳಿ ಹೆಚ್ಚ ಕೊಟ್ಟಿ ತಮ್ಮಾ, ಬುಡ ಗಟ್ಟಿ ಮಾಡ್ಲಿಲ್ಲ” ಅಂದರು.

ಬುಡ ಎಂದರೆ ಏನೆಂದು ಹುಡುಕಿಕೊಂಡು ಹೋದಾಗ ನನಗೆ ಕಂಡದ್ದೊಂದು ವಿಚಿತ್ರ. ಟರ್ಬೊಗೆ ಒಬ್ಬ ಜನಕನಿದ್ದಾನೆ, ಜನ್ಮವರ್ಷವಿದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಪಡೆದ. ಹೊಗೆಯ ಜೊತೆ ವ್ಯರ್ಥವಾಗಿ ಹೋಗುವ ಬಿಸಿಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ತುರುಕುವ ಉಪಾಯ ಅದು. ಇಪ್ಪತ್ತು ವರ್ಷ ಯಾರೂ ಅದನ್ನು ಗಟ್ಟಿಯಾಗಿ ನಂಬಲಿಲ್ಲ. 1920ರ ದಶಕದ ನಡುವಿನಲ್ಲಿ ಜರ್ಮನಿಯ ಎರಡು ಪ್ರಯಾಣಿಕರ ಹಡಗುಗಳಿಗೆ ಇದನ್ನು ಜೋಡಿಸಿದಾಗ 1750 ಕುದುರೆಶಕ್ತಿಯ ಡೀಸೆಲ್ ಎಂಜಿನ್ನುಗಳು 2500 ಕೊಟ್ಟವು. ಕತೆ ಸಾಮಾನ್ಯವಾಗಿ ಇಲ್ಲಿಂದ ನೇರ ರೇಸ್ ಕಾರುಗಳಿಗೆ ಜಿಗಿಯುತ್ತದೆ. ಆ ಹೆಚ್ಚುವರಿ 750 ಕುದುರೆಗಳನ್ನು ಅಡಿಯಲ್ಲಿ ನಿಂತು ತಡೆದುಕೊಂಡದ್ದು ಏನು ಎಂಬ ಕತೆಗೆ ಅಂಥ ಒಬ್ಬ ನಾಯಕನಿಲ್ಲ.

ಮೊದಲು ಭಾರದ ಲೆಕ್ಕ ನೋಡೋಣ. ಸಿಲಿಂಡರಿನ ಅಗಲ 100 ಮಿಲಿಮೀಟರ್ ಇದ್ದರೆ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಟರ್ಬೊ ಇಲ್ಲದ ಡೀಸೆಲ್ ಎಂಜಿನ್ನಿನಲ್ಲಿ ಉರಿಯುವ ಗಳಿಗೆಯ ಒತ್ತಡ 80 ಬಾರ್ ಎಂದಿಟ್ಟುಕೊಳ್ಳಿ. ಪಿಸ್ಟನ್ನಿನ ಮೇಲೆ ಬೀಳುವುದು ಸುಮಾರು 6.4 ಟನ್. ನಮ್ಮ ಕಡೆಯ 75 ಕಿಲೋ ಭತ್ತದ ಚೀಲದ ಲೆಕ್ಕದಲ್ಲಿ 85 ಚೀಲ. ಟರ್ಬೊ ಕೂಡಿಸಿ, ಅದಕ್ಕೆ ತಕ್ಕಂತೆ ಡೀಸೆಲನ್ನೂ ಹೆಚ್ಚಿಸಿ ಒತ್ತಡ 130 ಬಾರಿಗೆ ಏರಿತೆಂದರೆ 10.4 ಟನ್, ಹತ್ತಿರ ಹತ್ತಿರ 140 ಚೀಲ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪಿಸ್ಟನ್ನಿನ ಮೇಲೂ ಈ ಹೇರು ನಿಮಿಷಕ್ಕೆ ಸಾವಿರ ಸಲ ಬೀಳುತ್ತದೆ.

ಈ ಹೇರನ್ನು ಹೊರುವುದು ಕಬ್ಬಿಣವೂ ಅಲ್ಲ ಎನ್ನುವುದು ನನಗೆ ತಿಳಿದದ್ದು ತಡವಾಗಿ. ಹೊರುವುದು ಎಣ್ಣೆ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಬೀಚಂ ಟವರ್ ರೈಲ್ವೆ ಬೇರಿಂಗುಗಳ ಘರ್ಷಣೆಯನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಹಾಕಲು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ದಂಡ ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದಲೇ ಉಕ್ಕಿ ಬಂತು. ಬಿರಡೆ ಜಡಿದ, ಬಿರಡೆ ಹಾರಿತು. ಕಟ್ಟಿಗೆಯ ಬೆಣೆ ಹೊಡೆದ, ಅದೂ ಹಾರಿತು. ಒತ್ತಡದ ಮಾಪಕ ಕೂಡಿಸಿದರೆ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನೂ ದಾಟಿತು. ತಿರುಗುವ ದಂಡ ತಾನೇ ಎಣ್ಣೆಯನ್ನು ಎಳೆದುಕೊಂಡು, ಬೆಣೆಯ ಹಾಗೆ ತನ್ನಡಿಗೆ ತುರುಕಿಕೊಂಡು, ಅದರ ಮೇಲೆ ತೇಲುತ್ತದೆ! 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದ. ಕ್ರ್ಯಾಂಕು ಮತ್ತು ಬೇರಿಂಗಿನ ನಡುವಿನ ಈ ಎಣ್ಣೆಪೊರೆ ಒತ್ತಡ ಬಿದ್ದಾಗ ಕೂದಲಿಗಿಂತ ಎಷ್ಟೋ ಪಾಲು ತೆಳು. 140 ಚೀಲ ಭತ್ತ ನಿಂತಿರುವುದು ಅದರ ಮೇಲೆ.

ಅಣ್ಣನ ಟ್ರ್ಯಾಕ್ಟರು ಏರಿ ಹತ್ತುವಾಗಲೇ ಯಾಕೆ ಸತ್ತಿತು ಎಂಬುದಕ್ಕೆ ಉತ್ತರ ಇಲ್ಲಿದೆ. ಸುತ್ತು ಇಳಿದಾಗ ಎಣ್ಣೆಯ ಬೆಣೆ ಸೊರಗುತ್ತದೆ, ಹೇರು ಮಾತ್ರ ಪೂರ್ತಿ ಇರುತ್ತದೆ. ಮೇಲಾಗಿ ಟರ್ಬೊದ ದಂಡವೂ ಅದೇ ಪಂಪಿನ ಎಣ್ಣೆ ಕುಡಿಯುತ್ತಿತ್ತು. ಎಣ್ಣೆ ಕಾಯ್ದು ನೀರಾಗಿತ್ತು. ಎಂಜಿನ್ನನ್ನು ಹೆಚ್ಚು ಸುತ್ತಿಗೆ ಒಡ್ಡಿದರೆ ಪಿಸ್ಟನ್ನನ್ನು ಮೇಲಿಂದ ಹಿಂದಕ್ಕೆಳೆಯುವ ರಾಡಿನ ಬೋಲ್ಟುಗಳಿಗೆ ಕುತ್ತು. ಕಡಿಮೆ ಸುತ್ತಿನಲ್ಲಿ ಹೆಚ್ಚು ಒತ್ತಡ ಹಾಕಿದರೆ ರಾಡು, ಬೇರಿಂಗು, ಕ್ರ್ಯಾಂಕಿನ ಕೆಳಗಿನ ಕ್ಯಾಪುಗಳಿಗೆ ಕುತ್ತು. ಇವೆರಡೂ ಬೇರೆ ಬೇರೆ ಸಾವು. ನಮ್ಮ ಊರಿನ ಹುಡುಗರು ಎರಡಕ್ಕೂ ‘ಎಂಜಿನ್ ಬಿಡ್ತು’ ಅನ್ನುತ್ತಾರೆ.

ಇದೇ ಜಿಲ್ಲೆಯ ಇನ್ನೊಂದು ಮಗ್ಗುಲಿಗೆ ಹೋದರೆ ತದ್ವಿರುದ್ಧ ದೃಶ್ಯ ಕಾಣುತ್ತದೆ. ಯಲಬುರ್ಗಾ, ಕುಷ್ಟಗಿಗೆ ಕಾಲುವೆಯ ಭಾಗ್ಯವಿಲ್ಲ. ಅಲ್ಲಿ ನೀರೆಂದರೆ ಬೋರು. ಬೋರಿನ ಲಾರಿ ಬಂತೆಂದರೆ ಅದರ ಕಂಪ್ರೆಸರಿನ ಟರ್ಬೊ ಎಂಜಿನ್ ರಾತ್ರಿಯಿಡೀ ಪೂರ್ತಿ ಭಾರದಲ್ಲಿ ಮೊರೆಯುತ್ತದೆ, ಕಲ್ಲುಪುಡಿ ಬೆಳ್ಳಗೆ ಹಾರುತ್ತದೆ, ಹೊಲದ ಯಜಮಾನ ಕೈಕಟ್ಟಿಕೊಂಡು ನಿಂತಿರುತ್ತಾನೆ. ನೀರು ಬರಲಿ ಬಿಡಲಿ, ಎಂಜಿನ್ ಮಾತ್ರ ಬೆಳಗಿನವರೆಗೆ ನಿಲ್ಲುವುದಿಲ್ಲ. ಅದರಲ್ಲಿ ಟರ್ಬೊವನ್ನು ಆಮೇಲೆ ತಂದು ಅಂಟಿಸಿದ್ದಲ್ಲ. ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿಸಿ ತಣಿಸುವ ನಳಿಗೆಗಳು, ದಪ್ಪನೆಯ ಪಿನ್ನು, ಮೇಲಿನ ರಿಂಗಿಗೆ ಗಟ್ಟಿ ಲೋಹದ ಕೂರಿಕೆ, ಬಡಿದು ರೂಪಿಸಿದ ಉಕ್ಕಿನ ಕ್ರ್ಯಾಂಕು, ಎಣ್ಣೆಗೆ ದೊಡ್ಡ ಕೂಲರು, ಇವನ್ನೆಲ್ಲ ಮೊದಲೇ ಬುಡದಲ್ಲಿಟ್ಟು ಕಟ್ಟಿರುತ್ತಾರೆ.

ಕ್ರ್ಯಾಂಕು ಉಕ್ಕಿನದು, ಬ್ಲಾಕು ಬೀಡಿನದು. ಉಕ್ಕಿನ ಕೀರ್ತಿ ಹಳೆಯದು. 1819ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಪರೀಕ್ಷೆಗೆ ಒಡ್ಡಿದ ‘ವೂಟ್ಜ್’ ಎಂಬ ಭಾರತದ ಲೋಹದ ಹೆಸರಿನಲ್ಲಿರುವುದು ನಮ್ಮ ‘ಉಕ್ಕು’ ಶಬ್ದವೇ ಎಂದು ಬಲ್ಲವರು ಹೇಳುತ್ತಾರೆ. ಬೀಡಿಗೆ ಆ ಗೌರವ ಸಿಗಲಿಲ್ಲ. ಅದು ಸುತ್ತಿಗೆ ಏಟಿಗೆ ಬಿರಿಯುತ್ತದೆ. ಅದರೊಳಗೆ ಇಂಗಾಲವು ಭತ್ತದ ಹೊಟ್ಟಿನಂಥ ತೆಳು ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಆ ಹಾಳೆಗಳು ಕಂಪನವನ್ನು ನುಂಗುತ್ತವೆ, ಒತ್ತಿದರೆ ಏನೂ ಆಗುವುದಿಲ್ಲ. ಎಳೆದರೆ ಒಂದೊಂದು ಹಾಳೆಯೂ ಒಂದೊಂದು ಬಿರುಕು. ಬೀಡು ಒತ್ತಡಕ್ಕೆ ತಡೆಯುವಷ್ಟರಲ್ಲಿ ಮೂರನೆಯ, ನಾಲ್ಕನೆಯ ಒಂದು ಪಾಲು ಮಾತ್ರ ಎಳೆತಕ್ಕೆ ತಡೆಯುತ್ತದೆ. ಕಲ್ಲಿನ ಗುಣವೂ ಇದೇ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣಯುಗದ ಜನ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೇರಿ ಕಟ್ಟಿದ ಕಲ್ಮನೆಗಳಿವೆ. ನಮ್ಮವರು ಮೋರ್ಯರ ಗುಡ್ಡ ಅನ್ನುವ ಆ ಜಾಗದಲ್ಲಿ ಅಂಥ ನಾನೂರಕ್ಕೂ ಹೆಚ್ಚು ಕಟ್ಟಡಗಳನ್ನು ಎಣಿಸಿದ್ದಾರೆ. ಎರಡು ಸಾವಿರ ವರ್ಷದಾಚೆಯಿಂದ ಅವು ನಿಂತಿರುವುದು ಕಲ್ಲನ್ನು ಒತ್ತಡದಲ್ಲಿಟ್ಟು, ಎಳೆತದಿಂದ ಕಾದದ್ದರಿಂದ.

ಎಂಜಿನ್ ಬ್ಲಾಕಿನಲ್ಲಿ ಹಾಗೆ ಕಾಯುವುದು ಕಷ್ಟ. ಉರಿಯುವ ಅನಿಲ ಹೆಡ್ಡನ್ನು ಮೇಲಕ್ಕೆ ನೂಕುತ್ತದೆ, ಅದೇ ಗಳಿಗೆಯಲ್ಲಿ ಕ್ರ್ಯಾಂಕನ್ನು ಕೆಳಕ್ಕೆ ತಳ್ಳುತ್ತದೆ. ಕ್ರ್ಯಾಂಕನ್ನು ಕೆಳಗಿಂದ ಹಿಡಿದಿರುವುದು ಕ್ಯಾಪು, ಕ್ಯಾಪನ್ನು ಹಿಡಿದಿರುವುದು ಎರಡು ಬೋಲ್ಟು, ಬೋಲ್ಟಿನ ಮರೆ ಇರುವುದು ಬ್ಲಾಕಿನ ಬೀಡಿನಲ್ಲಿ. ಮೇಲೆ ಸೇರಿಸಿದ ಒಂದೊಂದು ಉಸಿರೂ ಬ್ಲಾಕನ್ನು ಅದರ ನಡುಗೋಡೆಯಲ್ಲಿ ಸೀಳಲು ಎಳೆಯುತ್ತದೆ, ಅಂದರೆ ಬೀಡಿಗೆ ಆಗದ ಕೆಲಸವನ್ನೇ ಅದರಿಂದ ಮಾಡಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನಾವೆಲ್ಲ ಗೋಡೆಯನ್ನಲ್ಲ, ಕೊಂಡಿಯನ್ನು ಬೈದೆವು. ಬ್ಲಾಕಿನ ಮಾತೂ ಹಾಗೆ.

ಇಂಥ ಬ್ಲಾಕುಗಳು ಎರಕವಾಗುವುದು ಎಲ್ಲೋ ಜರ್ಮನಿಯಲ್ಲಿ ಎಂದು ನಾನು ತಿಳಿದಿದ್ದೆ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವಾಗ ಹಿಟ್ನಾಳದ ಹತ್ತಿರದ ಬೇವಿನಹಳ್ಳಿಯಲ್ಲಿ 1991ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಿದೆ. ಊದುಕುಲುಮೆಯಲ್ಲಿ ಅದಿರು ಕರಗಿಸಿ ಬೀಡು ತೆಗೆಯುವುದು, ಟ್ರ್ಯಾಕ್ಟರು ಮತ್ತು ವಾಹನಗಳ ಸಿಲಿಂಡರ್ ಬ್ಲಾಕು, ಹೆಡ್ಡುಗಳನ್ನು ಎರಕ ಹೊಯ್ಯುವುದು ಅದರ ಕಸುಬು. ಬಸ್ಸಿನ ಕಿಟಕಿಯಿಂದ ಆ ಚಿಮಣಿಗಳನ್ನು ಎಷ್ಟು ಸಲ ನೋಡಿದ್ದೆನೋ! ಆ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಅವರು ಮೊದಲ ಕಬ್ಬಿಣದ ನೇಗಿಲು ಮಾಡಿದಾಗ ಕಬ್ಬಿಣ ತಾಕಿದರೆ ನೆಲಕ್ಕೆ ನಂಜೇರುತ್ತದೆಂದು ರೈತರು ಮುಟ್ಟಲಿಲ್ಲವಂತೆ.

ಹೊಸದಾಗಿ ಎರಕ ಹೊಯ್ದ ಬೀಡಿನಲ್ಲಿ ಒಳಬಿಗುವು ಉಳಿದಿರುತ್ತದೆ, ದಪ್ಪ ಭಾಗ ನಿಧಾನ ಆರುತ್ತದೆ, ತೆಳು ಭಾಗ ಬೇಗ. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಗೆದ್ದ ಬಿಎಂಡಬ್ಲ್ಯು ಟರ್ಬೊ ಎಂಜಿನ್ನಿಗೆ ಬುನಾದಿ 1960ರ ದಶಕದ ಸಾದಾ ಮನೆಬಳಕೆ ಕಾರಿನ ಬೀಡಿನ ಬ್ಲಾಕು, ಬರೀ 1500 ಸಿಸಿ. ಆಗ ಲಕ್ಷ ಕಿಲೋಮೀಟರ್ ಓಡಿದ ಹಳೆಯ ಬ್ಲಾಕುಗಳನ್ನೇ ಹುಡುಕಿ ತರುತ್ತಿದ್ದರು ಎಂಬ ಮಾತು ಪ್ರಸಿದ್ಧ. ಸಾವಿರಾರು ಸಲ ಕಾಯ್ದು, ಆರಿ, ಬಿಗುವು ಬಿಟ್ಟ ಬೀಡು ಹೊಸದಕ್ಕಿಂತ ನಂಬಿಕಸ್ಥ ಎಂಬುದು ಅದರ ಹಿಂದಿನ ತರ್ಕ. ಈ ಕತೆಯನ್ನು ಮೇಸ್ತ್ರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಣ್ಣನಿಗಾಗಿ ಅವರು ಆರಿಸಿಟ್ಟದ್ದೂ ಒಂದು ಹಳೆಯ ಬ್ಲಾಕನ್ನೇ, ಕಂಪನಿಯೇ ಟರ್ಬೊ ಕೊಟ್ಟ ಮಾದರಿಯದನ್ನು.

ಆ ಹಾಫ್ ಎಂಜಿನ್ ಕಟ್ಟುವುದನ್ನು ನಾನು ಎರಡು ದಿನ ಕೂತು ನೋಡಿದೆ. ಮೊದಲು ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದರು. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಬೆಳ್ಳನೆಯ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಕ್ರ್ಯಾಂಕು ಗ್ರೈಂಡಿಂಗಿಗೆ ಹೋದಾಗ ಲೇತಿನವನ ಪಕ್ಕವೇ ನಿಂತರು. ಮೂಲೆಯ ದುಂಡನೆಯ ತಿರುವನ್ನು ಚೌಕ ಮಾಡಿಬಿಟ್ಟರೆ ಕ್ರ್ಯಾಂಕು ಅಲ್ಲಿಂದಲೇ ತುಂಡಾಗುತ್ತದೆ, ಎಷ್ಟೋ ಕ್ರ್ಯಾಂಕು ಹೀಗೆ ಲೇತಿನ ಮೇಲೇ ಅರ್ಧ ಸತ್ತಿರುತ್ತವೆ ಎಂದರು. ದಂಡದ ಅಗಲ ಒಂದು ಇಂಚಿದ್ದರೆ ಎಣ್ಣೆಗೆ ಇಂಚಿನ ಸಾವಿರದ ಒಂದು ಭಾಗದ ಸಂದು, ಮೂರು ಇಂಚಿದ್ದರೆ ಮೂರು ಭಾಗ, ಇದು ಅವರ ಬಾಯಿಲೆಕ್ಕ. ರಾಡಿನ ಬೋಲ್ಟುಗಳನ್ನೆಲ್ಲ ಹೊಸವು ತರಿಸಿದರು, ಟಾರ್ಕ್ ಪಾನಾ ಇಲ್ಲದೆ ಒಂದನ್ನೂ ಮುಟ್ಟಲಿಲ್ಲ. ಬಿಗಿದ ಬೋಲ್ಟು ಸ್ಪ್ರಿಂಗಿನ ಹಾಗೆ ಹಿಗ್ಗಿ ನಿಂತಿರಬೇಕು, ಆ ಹಿಗ್ಗೇ ಕ್ಯಾಪನ್ನು ಅಲುಗದಂತೆ ಹಿಡಿಯುವುದು. ಒಂದೊಂದು ಕ್ಯಾಪು ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿದರು. ಕೊನೆಯಲ್ಲಿ ಪಂಪಿನ ಸ್ಕ್ರೂವಿಗೆ ಕಂಪನಿಯ ಅಳತೆಗೆ ಸೀಲು ಹಾಕಿ, “ಇದನ್ನ ತಗದ್ರ ನನ್ನ ಅಂಗಡಿ ಕಡೆ ಬರಬ್ಯಾಡ” ಅಂದರು.

ಅಣ್ಣ ಈಗ ಕೆಲಸ ಮುಗಿಸಿ ಬಂದ ಕೂಡಲೇ ಎಂಜಿನ್ ಬಂದ್ ಮಾಡುವುದಿಲ್ಲ. ಟರ್ಬೊದ ಎಣ್ಣೆ ಸುಟ್ಟು ಕರಿ ಹಿಡಿಯಬಾರದೆಂದು ಎರಡು ನಿಮಿಷ ಸಣ್ಣಗೆ ಓಡಿಸುತ್ತಾ ಸೀಟಿನ ಮೇಲೇ ಕೂತಿರುತ್ತಾನೆ. ಅತ್ತಿಗೆ ಒಳಗಿನಿಂದ ಊಟಕ್ಕೆ ಕರೆದರೂ ಆಯಿಲ್ ಪ್ರೆಶರಿನ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ. ಒಡೆದ ಬ್ಲಾಕು ಬಹಳ ದಿನ ಹಿತ್ತಲಲ್ಲಿ ಬಿದ್ದಿತ್ತು, ಕೋಳಿಗಳು ಅದರ ಸಿಲಿಂಡರುಗಳ ಮೇಲೆ ಕೂರುತ್ತಿದ್ದವು. ಹೋದ ಬೇಸಿಗೆಯಲ್ಲಿ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ತೂಗಿ, ಲಾರಿಗೆ ಹೇರಿಕೊಂಡು ಹೊಸಪೇಟೆ ರಸ್ತೆ ಹಿಡಿದ.